ಅಟ್ಲಾಂಟಾದಲ್ಲಿ ಮೀನಿಲ್ಲದ ಕಿಮ್ಚಿ: ನನ್ನ ಅನುಭವ

ಕೊನೆಗೂ ಕಿಮ್ಚಿ, ಅಂದರೆ ಕೊರಿಯನ್ನರ ಖಾರದ ಕೋಸಿನ ಉಪ್ಪಿನಕಾಯಿ, ಹದವಾಗಿ ಹುಳಿ ಬಂತು. ಮೀನಿನ ಸಾಸ್ ಇಲ್ಲ, ಸೀಗಡಿ ಇಲ್ಲ. "ಸಸ್ಯಾಹಾರಿಗೆ ಕೊರಿಯನ್ನರ ಹತ್ತಿರ ಏನು ಸಿಗುತ್ತೆ?" ಅಂದ ಗೆಳೆಯರೇ ಈಗ ಡಬ್ಬಿ ತರುತ್ತಾರೆ.

ಹೋಟೆಲಿನಿಂದ ಶುರು ಮಾಡಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಅಟ್ಲಾಂಟಾ ಪಕ್ಕದ, ಕೊರಿಯನ್ ಹೋಟೆಲುಗಳಿರುವ ಡುಲೂತ್, ಡೊರಾವಿಲ್ ಎರಡೂ ಕಡೆ ಸುತ್ತಿದೆ. ತೋಫು ಸಾರು ತರಿಸಿದರೆ ತಳದಲ್ಲಿ ಒಣಮೀನಿನ ರಸ. ಊಟದ ಜೊತೆ ಬರುವ ಪಾಲಕ್, ಮೊಳಕೆಕಾಳಿನ ಪಲ್ಯ ತಿಂದು ಇಪ್ಪತ್ತು ಡಾಲರ್ ಕೊಟ್ಟು ಬಂದದ್ದೇ ಜಾಸ್ತಿ.

ದಾರಿ ತೆರೆದದ್ದು ಪ್ಲೆಸೆಂಟ್ ಹಿಲ್ ರಸ್ತೆಯ ಕೊರಿಯನ್ ದಿನಸಿ ಅಂಗಡಿ ಎಚ್ ಮಾರ್ಟ್‌ನ ತರಕಾರಿ ಸಾಲಿನಲ್ಲಿ. ಚಳಿ ಶುರುವಾಗುವ ಹೊತ್ತಿಗೆ ನಾಪಾ ಕೋಸು (ಕಿಮ್ಚಿಗೆ ಹಾಕುವ ಉದ್ದನೆಯ ಚೀನೀ ಕೋಸು) ಪೆಟ್ಟಿಗೆಗಟ್ಟಲೆ ಬರುತ್ತದೆ. ಅದು ಕಿಮ್ಜಾಂಗ್ ಕಾಲ, ಮನೆಮಂದಿ, ನೆರೆಯವರೆಲ್ಲ ಸೇರಿ ಚಳಿಗಾಲಕ್ಕೆ ಕಿಮ್ಚಿ ಹಾಕಿಡುವ ಪದ್ಧತಿ. 2013ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಕೋಸು ಆರಿಸುತ್ತಿದ್ದ ಅಜ್ಜಿಯೊಬ್ಬರನ್ನು ಮಾತಾಡಿಸಿದೆ. ಅವರೇ ತಮ್ಮ ಚರ್ಚಿಗೆ ಕರೆದರು. ಇಲ್ಲಿ ಕೊರಿಯನ್ನರ ಬದುಕು ನೋಡಬೇಕಾದರೆ ಚರ್ಚಿನ ಅಡುಗೆಮನೆಗೇ ಹೋಗಬೇಕು. ಭಾನುವಾರ ಪ್ರಾರ್ಥನೆ ಮುಗಿದರೆ ಎಲ್ಲರಿಗೂ ಒಟ್ಟಿಗೆ ಊಟ. ಕೈಗವಸು ಹಾಕಿ ಮಸಾಲೆ ಸವರಲು ಕುಳಿತವರನ್ನು ಯಾರೂ ಹೊರಗಿನವರು ಅನ್ನಲಿಲ್ಲ.

ಮನೆಯಲ್ಲಿ ಮಾಡಿದ್ದು ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಪುಡಿ ಉಪ್ಪಿನಲ್ಲಿ ಕೋಸು ಮೆತ್ತಗಾಯಿತು. ಕೊರಿಯನ್ನರ ಹರಳು ಸಮುದ್ರದುಪ್ಪೇ ಬೇಕು. ಬಿಳಿ ದಂಟು ಮುರಿಯದೆ ಬಾಗುವ ತನಕ ಬಿಡಬೇಕು. ಗೋಚುಗಾರು (ಕೊರಿಯನ್ನರ ತರಿ ಮೆಣಸಿನಪುಡಿ) ದುಬಾರಿ ಅಂತ ಪೂರ್ತಿ ಬ್ಯಾಡಗಿ ಪುಡಿ ಹಾಕಿ ನೋಡಿದೆ. ಬಣ್ಣ ಬಂತು, ಆದರೆ ನುಣ್ಣಗಿನ ಪುಡಿ ನೀರಲ್ಲಿ ಕೆಸರಾಯಿತು. ಬೀಜ ತೆಗೆದು ತರಿತರಿಯಾಗಿ ಕುಟ್ಟಿ, ಅರ್ಧಕ್ಕರ್ಧ ಬೆರೆಸಿದ್ದು ಗೆದ್ದಿತು.

ಮೀನಿನ ಬದಲು ಕಡಲಕಳೆ ಮತ್ತು ಒಣ ಅಣಬೆ ಕುದಿಸಿದ ನೀರು, ಸಾರಿಗೆ ಹಾಕುವ ಸೋಯಾ ಸಾಸ್. ಆ ನೀರಲ್ಲೇ ಅಕ್ಕಿಹಿಟ್ಟಿನ ಗಂಜಿ. ಇನ್ನೊಂದು ಸಾಮಾನು ಸೇರಿಸುತ್ತೇನೆ, ನಮ್ಮೆಲ್ಲರ ಅಡುಗೆಮನೆಯಲ್ಲೂ ಇರುವಂಥದ್ದು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಅಮ್ಮ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಕೊರಿಯಾದ ಬೌದ್ಧ ಮಠಗಳ ಅಡುಗೆಯಲ್ಲೂ ಅವೆರಡೂ ಇಲ್ಲ, ಅಲ್ವಾ? ಅದನ್ನೇ ನೋಡಿ ಶುಂಠಿ, ಪೇರ್ ಹಣ್ಣು, ಮೂಲಂಗಿ ಜಾಸ್ತಿ ಮಾಡಿ ಬೇರೆ ಜಾಡಿ ಹಾಕಿದೆ. ಅದು ತಡವಾಗಿ ಹುಳಿಯಾಗುತ್ತದೆ, ಆದರೆ ರುಚಿ ತಿಳಿ. ಹಳೆಯದಾದ ಕಿಮ್ಚಿಯನ್ನು ಹಿಂಡಿ, ಹೆಚ್ಚಿ, ಅಕ್ಕಿರೊಟ್ಟಿಗೆ ಕಲಸಿದರೆ ಬೇರೆ ಚಟ್ನಿಯೇ ಬೇಡ.

ಖರ್ಚು? ಕೋಸಿನ ಪೆಟ್ಟಿಗೆ ಮೂವತ್ತು ಡಾಲರ್ ಆಸುಪಾಸು, ಪುಡಿ, ಉಪ್ಪು ಎಲ್ಲ ಸೇರಿ ಅರವತ್ತರ ಒಳಗೆ. ಮೀನಿಲ್ಲದ್ದನ್ನು ಅಂಗಡಿಯಲ್ಲಿ ಕೊಂಡರೆ ಸಣ್ಣ ಬಾಟಲಿಗೇ ಹತ್ತರ ಹತ್ತಿರ. ನನ್ನ ಜಾಡಿಯ ರುಚಿ ನೋಡಿದ ಅಜ್ಜಿ ಎರಡನೇ ಸಲ ಬಡಿಸಿಕೊಂಡರು. ಈ ಸಲ ಚರ್ಚಿನಲ್ಲಿ ಮೀನಿಲ್ಲದ ಪಾತ್ರೆಯ ಜವಾಬ್ದಾರಿ ನನ್ನದೇ.