ಕಾರವಾರದಲ್ಲಿ ನಾಕೌಟ್ ಫುಟ್‌ಬಾಲ್ ಪಂದ್ಯಾವಳಿ ನಡೆಸುವ ಬಗೆ: 1903ರ ಜರ್ಮನಿಯಿಂದ ಕಲಿಯಬೇಕಾದದ್ದು

ಜರ್ಮನಿಯ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಫೈನಲ್ 1903ರ ಮೇ 31ರಂದು ಆಲ್ಟೋನಾ ಎಂಬ ಪಟ್ಟಣದ ಸೇನಾ ಕವಾಯತು ಬಯಲಿನಲ್ಲಿ ನಡೆಯಿತು. ಆಗ ಸ್ವತಂತ್ರ ಪಟ್ಟಣವಾಗಿದ್ದ ಆಲ್ಟೋನಾ ಈಗ ಹ್ಯಾಂಬರ್ಗ್ ನಗರದ ಒಂದು ಭಾಗ. ಆ ದಿನ ಕಣಕ್ಕಿಳಿದ ತಂಡಗಳಲ್ಲಿ ಒಂದಾದ ಡಿಎಫ್‌ಸಿ ಪ್ರಾಗ್, ಆ ಪಂದ್ಯಾವಳಿಯಲ್ಲಿ ಅದಕ್ಕೂ ಮೊದಲು ಒಂದೇ ಒಂದು ಪಂದ್ಯವನ್ನೂ ಆಡದೆ ಫೈನಲ್ ತಲುಪಿತ್ತು. ಅದಕ್ಕೆ ಎದುರಾಗಬೇಕಿದ್ದ ಕಾರ್ಲ್ಸ್‌ರೂಹೆಯ ತಂಡ ಯಾರೋ ಕಳಿಸಿದ ಸುಳ್ಳು ತಂತಿಯನ್ನು (ಟೆಲಿಗ್ರಾಂ) ನಂಬಿ ಊರಿನಲ್ಲೇ ಉಳಿದಿತ್ತು. ಕಾರವಾರದಲ್ಲಿ ಹಲವು ಬೇಸಿಗೆಗಳಲ್ಲಿ ತಾಲೂಕು ಮಟ್ಟದ ಪಂದ್ಯಗಳ ವ್ಯವಸ್ಥೆಗೆ ದುಡಿದ ನನಗೆ ಈ ಇತಿಹಾಸವನ್ನು ಓದಿದಾಗಲೆಲ್ಲ ನಮ್ಮದೇ ಮೈದಾನದ ಕಥೆ ಓದಿದಂತಾಗುತ್ತದೆ. ಮೊದಲ ಸೀಟಿ ಊದುವ ಮುನ್ನ ಸಂಘಟಕರು ಬರೆದಿಡದೆ ಬಿಟ್ಟ ಪ್ರತಿಯೊಂದು ಸಂಗತಿಯೂ ಮುಂದೆ ಯಾವುದೋ ಒಂದು ತಂಡದ ಆಡುವ ಹಕ್ಕನ್ನು ಕಸಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಜಿಲ್ಲೆಯ ತಂಡಗಳನ್ನು ಕರೆದು ನಾಕೌಟ್, ಅಂದರೆ ಸೋತ ತಂಡ ಅಲ್ಲೇ ಹೊರಬೀಳುವ ಪಂದ್ಯಾವಳಿ ಮಾಡಲು ಹೊರಟವರು ಏನೇನನ್ನು ಮೊದಲೇ ನಿರ್ಧರಿಸಿಕೊಳ್ಳಬೇಕೆಂದು ಇಲ್ಲಿ ವಿವರಿಸುತ್ತೇನೆ.

ಮೊದಲು ಪಂದ್ಯಗಳ ಪಟ್ಟಿ. ಜರ್ಮನ್ ಫುಟ್‌ಬಾಲ್ ಸಂಘವು 1900ರ ಜನವರಿ 28ರಂದು ಲೈಪ್‌ಜಿಗ್‌ನಲ್ಲಿ ಹುಟ್ಟಿತು. ಮೂರು ವರ್ಷಗಳ ನಂತರ ಅದು ನಡೆಸಿದ ಮೊದಲ ಚಾಂಪಿಯನ್‌ಷಿಪ್‌ನಲ್ಲಿ ಇದ್ದದ್ದು ಆರೇ ತಂಡಗಳು: ವಿಎಫ್‌ಬಿ ಲೈಪ್‌ಜಿಗ್, ಬ್ರಿಟಾನಿಯಾ ಬರ್ಲಿನ್, ಆಲ್ಟೋನಾ 93, ವಿಕ್ಟೋರಿಯಾ ಮಾಗ್ಡೆಬರ್ಗ್, ಕಾರ್ಲ್ಸ್‌ರೂಹೆ ಎಫ್‌ವಿ ಮತ್ತು ಡಿಎಫ್‌ಸಿ ಪ್ರಾಗ್. ಆರು ತಂಡಗಳಿಗೆ ಮೊದಲ ಸುತ್ತಿನಲ್ಲಿ ಮೂರು ಪಂದ್ಯ ಇಟ್ಟರೆ ಮೂರು ತಂಡಗಳು ಉಳಿಯುತ್ತವೆ, ಸೆಮಿಫೈನಲ್‌ಗೆ ಬೇಕಾದದ್ದು ನಾಲ್ಕು. ಈ ತೊಡಕನ್ನು ತಪ್ಪಿಸಲು ಸರಳವಾದ ಲೆಕ್ಕವಿದೆ. ನಾಲ್ಕು, ಎಂಟು, ಹದಿನಾರು ಎಂಬ ಸಂಖ್ಯೆಗಳಲ್ಲಿ ನಿಮ್ಮ ತಂಡಗಳ ಸಂಖ್ಯೆಗಿಂತ ಕಡಿಮೆಯಿಲ್ಲದ ಅತಿ ಸಣ್ಣ ಸಂಖ್ಯೆಯನ್ನು ತೆಗೆದುಕೊಂಡು, ಅದರಿಂದ ತಂಡಗಳ ಸಂಖ್ಯೆಯನ್ನು ಕಳೆಯಿರಿ. ಉಳಿದಷ್ಟು ತಂಡಗಳಿಗೆ ಮೊದಲ ಸುತ್ತಿನಲ್ಲೇ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ ಕೊಡಬೇಕು. ಆರು ತಂಡಗಳಿದ್ದರೆ ಎರಡು ಬೈ, ಹನ್ನೊಂದಿದ್ದರೆ ಐದು. ಒಟ್ಟು ಪಂದ್ಯಗಳು ಯಾವಾಗಲೂ ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ ಇರುತ್ತವೆಯಾದ್ದರಿಂದ, ಹನ್ನೊಂದು ತಂಡಗಳಿಗೆ ಹತ್ತು ಪಂದ್ಯಗಳ ಮೈದಾನ, ರೆಫರಿ ಮತ್ತು ಊಟದ ಖರ್ಚನ್ನು ಅಂದೇ ಅಂದಾಜು ಮಾಡಬಹುದು. ಬೈ ಯಾರಿಗೆ ಎಂಬುದನ್ನು ಎಲ್ಲ ತಂಡಗಳ ಮ್ಯಾನೇಜರ್‌ಗಳ ಎದುರಿಗೆ ಚೀಟಿ ಎತ್ತಿಯೇ ತೀರ್ಮಾನಿಸಿ, ಪಟ್ಟಿಯ ಕೆಳಗೆ ಅವರೆಲ್ಲರ ಸಹಿ ಪಡೆಯಿರಿ.

ಯಾವ ಆಟಗಾರ ಯಾವ ತಂಡಕ್ಕೆ ಆಡಬಹುದು ಎಂಬ ನಿಯಮವನ್ನೂ ಅದೇ ಸಭೆಯಲ್ಲಿ ಓದಿ ಹೇಳಬೇಕು. ಪ್ರಾಗ್ ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ ನಗರವಾಗಿದ್ದರೂ ಅಲ್ಲಿನ ಜರ್ಮನ್ ಭಾಷಿಕರ ಕ್ಲಬ್ ಜರ್ಮನಿಯ ಸಂಘದ ಸದಸ್ಯನಾಗಿತ್ತು. 1904ರಲ್ಲಿ ಫಿಫಾ ಸ್ಥಾಪನೆಯಾಗಿ ಜರ್ಮನಿ ಅದನ್ನು ಸೇರಿದ ಮೇಲೆ ಗಡಿಯಾಚೆಯ ಇಂತಹ ಕ್ಲಬ್‌ಗಳಿಗೆ ಜಾಗ ಉಳಿಯಲಿಲ್ಲ. ನಮ್ಮಲ್ಲಿ ಮಾಜಾಳಿ ದಾಟಿದರೆ ಗೋವಾ. ಅಲ್ಲಿನ ಕ್ಲಬ್‌ಗಳಲ್ಲಿ ಆಡುವ ಸದಾಶಿವಗಡದ ಹುಡುಗರು, ನೌಕಾನೆಲೆಯಲ್ಲಿ ಕೆಲಸಕ್ಕಿರುವ ಹೊರ ರಾಜ್ಯದವರು, ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳು, ಇವರೆಲ್ಲರ ಪ್ರಶ್ನೆ ಬಂದೇ ಬರುತ್ತದೆ. ಉದಾರವಾದ ನಿಯಮವೂ ಸರಿ, ಬಿಗಿಯಾದ ನಿಯಮವೂ ಸರಿ, ಆದರೆ ಅದು ಮೊದಲ ಪಂದ್ಯದ ಹಿಂದಿನ ವಾರವೇ ಕಾಗದದ ಮೇಲಿರಬೇಕು.

ಮೈದಾನದ ಆಯ್ಕೆಯ ವಿಷಯಕ್ಕೆ ಹೆಚ್ಚು ಸಮಯ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. 1903ರಲ್ಲಿ ಪ್ರಾಗ್ ಮತ್ತು ಕಾರ್ಲ್ಸ್‌ರೂಹೆ ನಡುವಿನ ಪಂದ್ಯ ಮ್ಯೂನಿಕ್‌ನಲ್ಲಿ ನಡೆಯಬೇಕಿತ್ತು. ಸ್ಥಳದ ಬಗ್ಗೆ ತಕರಾರು ಎದ್ದು ಅದು ಬಗೆಹರಿಯದೆ ಹೋದದ್ದರಿಂದ ಎರಡೂ ತಂಡಗಳನ್ನು ಸೆಮಿಫೈನಲ್‌ಗೆ ಸೇರಿಸಿ, ಆ ಪಂದ್ಯವನ್ನು ಲೈಪ್‌ಜಿಗ್‌ನಲ್ಲಿ ಆಡಿಸುವುದೆಂದು ಸಂಘವು ತೀರ್ಮಾನಿಸಿತು. ಮರುವರ್ಷದ ಕಥೆ ಇನ್ನೂ ದುಃಖದ್ದು. ಎರಡೂ ತಂಡಗಳದ್ದಲ್ಲದ ಊರಿನಲ್ಲಿ ಆಡಬೇಕೆಂಬ ತಟಸ್ಥ ಮೈದಾನದ ನಿಯಮವನ್ನು ಪ್ರಯಾಣದ ಖರ್ಚು ಉಳಿಸಲು ಸಡಿಲಿಸಿದ್ದರಿಂದ ಕಾರ್ಲ್ಸ್‌ರೂಹೆಯವರು ಬ್ರಿಟಾನಿಯಾದ ಊರಾದ ಬರ್ಲಿನ್‌ಗೇ ಹೋಗಿ ಆಡಬೇಕಾಯಿತು. ಅಲ್ಲಿ 6-1ರಿಂದ ಸೋತ ಅವರು ನಿಯಮವನ್ನೇ ಮುಂದಿಟ್ಟುಕೊಂಡು ದೂರು ಕೊಟ್ಟರು. ದೂರು ಎತ್ತಿಹಿಡಿಯಲ್ಪಟ್ಟು, ಕಾಸೆಲ್‌ನಲ್ಲಿ ಲೈಪ್‌ಜಿಗ್ ಮತ್ತು ಬ್ರಿಟಾನಿಯಾ ನಡುವೆ ನಡೆಯಬೇಕಿದ್ದ ಫೈನಲ್ ಆಟಕ್ಕೆ ಕೆಲವೇ ಗಂಟೆಗಳಿರುವಾಗ ರದ್ದಾಯಿತು. 1904ಕ್ಕೆ ಜರ್ಮನಿಯಲ್ಲಿ ಚಾಂಪಿಯನ್ ಇಲ್ಲ.

ನಮ್ಮ ಜಿಲ್ಲೆಯ ಭೂಗೋಳ ಈ ವಿಷಯದಲ್ಲಿ ಕಠಿಣವಾದದ್ದು. ಕಾರವಾರದಿಂದ ಭಟ್ಕಳಕ್ಕೂ ಶಿರಸಿಗೂ ನೂರು ಕಿಲೋಮೀಟರ್‌ಗಿಂತ ಹೆಚ್ಚು ದೂರ, ಶಿರಸಿಯವರಿಗೆ ಅದರ ಮೇಲೆ ಘಟ್ಟ ಇಳಿಯುವ ಆಯಾಸ. ಎಲ್ಲ ಪಂದ್ಯಗಳನ್ನೂ ಮಾಲಾದೇವಿ ಮೈದಾನದಲ್ಲೇ ಇಟ್ಟರೆ ಕಾರವಾರದ ತಂಡ ಮನೆಯಲ್ಲಿ ಉಂಡು ಬಂದು ಆಡುತ್ತದೆ, ಶಿರಸಿಯ ತಂಡ ಮೂರು ತಾಸು ಬಸ್ಸಿನಲ್ಲಿ ಕುಲುಕಿ ಬಂದು ಆಡುತ್ತದೆ. ಕಾರವಾರ-ಭಟ್ಕಳ, ಕಾರವಾರ-ಶಿರಸಿ ಎರಡೂ ಜೋಡಿಗಳಿಗೆ ಹೆಚ್ಚುಕಡಿಮೆ ನಡುವೆ ಬೀಳುವ ಊರು ಕುಮಟಾ. ಅಲ್ಲಿ ಮೈದಾನ ಸಿಕ್ಕರೆ ಅದಕ್ಕಿಂತ ನ್ಯಾಯವಾದ ಸ್ಥಳ ಇನ್ನೊಂದಿಲ್ಲ. ಸಿಗದೇ ಹೋದರೆ ದೂರದ ತಂಡ ಹಿಂದಿನ ರಾತ್ರಿಯೇ ಬಂದು ಉಳಿಯಲು ಶಾಲೆಯ ಕೋಣೆ, ಊಟ ಮತ್ತು ಬಸ್ ಖರ್ಚನ್ನು ಸಂಘಟಕರೇ ವಹಿಸಬೇಕು, ಮತ್ತು ಈ ಏರ್ಪಾಟನ್ನು ಒಪ್ಪಿದ್ದೇವೆಂದು ಎರಡೂ ತಂಡಗಳಿಂದ ಬರೆಸಿಕೊಳ್ಳಬೇಕು. ದಿನವನ್ನು ನಿಗದಿಮಾಡುವಾಗ ಜೂನ್ ಮೊದಲ ವಾರವನ್ನು ಮುಟ್ಟಬೇಡಿ, ಮಳೆ ಹಿಡಿದರೆ ಕರಾವಳಿಯ ಮೈದಾನ ಗದ್ದೆಯಾಗುತ್ತದೆ. ಮೈದಾನದ ಪಕ್ಕದಲ್ಲಿ ಅಂದು ರಾತ್ರಿ ಯಕ್ಷಗಾನದ ಆಟವಿದ್ದರೆ ಮಧ್ಯಾಹ್ನದಿಂದಲೇ ರಂಗಸ್ಥಳದ ಕಂಬ ನೆಡಲು ಜನ ಬರುತ್ತಾರೆ ಎಂಬುದನ್ನೂ ವಿಚಾರಿಸಿಕೊಳ್ಳಿ.

ಇನ್ನು ಸಂದೇಶದ ವಿಷಯ. ಲೈಪ್‌ಜಿಗ್‌ಗೆ ಹೊರಡಬೇಕಿದ್ದ ಕಾರ್ಲ್ಸ್‌ರೂಹೆಯ ಆಟಗಾರರಿಗೆ ಪಂದ್ಯವನ್ನು ಮುಂದೂಡಲಾಗಿದೆ ಎಂಬ ತಂತಿ ಬಂತು. ಸಂಘದ ಹೆಸರಿನಲ್ಲೇ ಬಂದ ಅದನ್ನು ಅವರು ನಂಬಿದರು. ನಿಗದಿಯಾದ ದಿನ ಪ್ರಾಗ್‌ನವರು ಮೈದಾನದಲ್ಲಿದ್ದರು, ಕಾರ್ಲ್ಸ್‌ರೂಹೆಯವರು ಇರಲಿಲ್ಲ, ಆದ್ದರಿಂದ ಪ್ರಾಗ್ ಫೈನಲ್‌ಗೆ ಹೋಯಿತು. ತಂತಿ ನಕಲಿಯೆಂದು ಮುಂದೆ ತಿಳಿಯಿತಾದರೂ ಆಡದೆ ಕಳೆದ ಆ ಮಧ್ಯಾಹ್ನವನ್ನು ಯಾರೂ ಮರಳಿ ಕೊಡಲಾಗಲಿಲ್ಲ. ಮೊಬೈಲ್ ಇರುವ ಕಾಲದಲ್ಲಿ ಹೀಗಾಗದು ಎಂದು ತಿಳಿಯುವುದು ತಪ್ಪು. ಒಂದು ಏಪ್ರಿಲ್‌ನಲ್ಲಿ ಅಕಾಲದ ಮಳೆ ಬಿದ್ದ ಬೆಳಿಗ್ಗೆ, ಪಂದ್ಯ ರದ್ದಾಗಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಹತ್ತಾರು ಕೈ ದಾಟಿ ಘಟ್ಟದ ಮೇಲಿನ ಒಂದು ತಂಡಕ್ಕೆ ತಲುಪಿತು. ಅವರು ಅರ್ಧ ದಾರಿಯಿಂದ ಗಾಡಿ ತಿರುಗಿಸಿದರು, ಇಲ್ಲಿ ಹತ್ತು ಗಂಟೆಗೆ ಬಿಸಿಲು ಬಂದು ಮೈದಾನ ಒಣಗಿತ್ತು. ಘಟ್ಟದ ತಿರುವುಗಳಲ್ಲಿ ನೆಟ್‌ವರ್ಕ್ ಇಲ್ಲದ್ದರಿಂದ ನಾವು ಮಾಡಿದ ಕರೆಗಳು ಅವರನ್ನು ಮುಟ್ಟಲಿಲ್ಲ. ಬೂಟು ಕಟ್ಟಿಕೊಂಡು ಹೊರಟ ಹದಿನಾರು ಹುಡುಗರಿಗೆ ಆ ಸಂಜೆ ಫೋನಿನಲ್ಲಿ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಆ ದಿನದಿಂದ ನಾನು ಪಾಲಿಸುತ್ತಿರುವ ಕ್ರಮ ಹೀಗಿದೆ. ಪಂದ್ಯದ ದಿನ, ಸಮಯ ಅಥವಾ ಸ್ಥಳವನ್ನು ಬದಲಿಸುವ ಅಧಿಕಾರ ಒಬ್ಬ ಕಾರ್ಯದರ್ಶಿಗೆ ಮಾತ್ರ ಇರಬೇಕು, ಮತ್ತು ಅವರ ಒಂದೇ ಫೋನ್ ಸಂಖ್ಯೆಯನ್ನು ಚೀಟಿ ಎತ್ತುವ ದಿನವೇ ಮುದ್ರಿಸಿ ಹಂಚಬೇಕು. ಬದಲಾವಣೆಯನ್ನು ಕಾರ್ಯದರ್ಶಿ ಕರೆ ಮಾಡಿಯೇ ತಿಳಿಸಬೇಕು. ಬರಹದ ಸಂದೇಶ ಅದರ ನಂತರದ ದಾಖಲೆ ಮಾತ್ರ. ಬೇರೆ ಯಾರಿಂದ ಯಾವ ಸುದ್ದಿ ಬಂದರೂ ತಂಡದ ಮ್ಯಾನೇಜರ್ ಆ ಸಂಖ್ಯೆಗೆ ತಾವೇ ಕರೆ ಮಾಡಿ ಕೇಳಬೇಕು, ಕರೆ ಸಿಗದಿದ್ದರೆ ಪಂದ್ಯ ಇದೆಯೆಂದೇ ತಿಳಿದು ಹೊರಡಬೇಕು. ಸುಳ್ಳು ಸುದ್ದಿಯಿಂದ ಒಂದು ತಂಡ ಬಾರದೆ ಹೋದರೆ ಎದುರಾಳಿಗೆ ಕೂಡಲೇ ಗೆಲುವು ಕೊಡದೆ ಮರುದಿನ ಆಡಿಸಲು ಒಂದು ದಿನವನ್ನು ವೇಳಾಪಟ್ಟಿಯಲ್ಲಿ ಖಾಲಿ ಬಿಟ್ಟಿರಬೇಕು. ಖರ್ಚು ಹೆಚ್ಚಾಗುತ್ತದೆಂಬ ಆಕ್ಷೇಪ ಬರುತ್ತದೆ. ಬರಲಿ, ಆ ಖಾಲಿ ದಿನವನ್ನು ಬಿಟ್ಟುಕೊಡಬೇಡಿ.

ಚೆಂಡಿನ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಆಲ್ಟೋನಾದ ಫೈನಲ್ ಸುಮಾರು ಅರ್ಧ ಗಂಟೆ ತಡವಾಗಿ ಶುರುವಾಯಿತು, ಏಕೆಂದರೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಆ ಪಂದ್ಯಕ್ಕೆ ಆಡಲು ಯೋಗ್ಯವಾದ ಚೆಂಡು ಇರಲಿಲ್ಲ, ಅದನ್ನು ಹುಡುಕಿ ತರಬೇಕಾಯಿತು. ಐದನೇ ಸೈಜಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ ಇರಬೇಕು. ಇಂತಹ ಮೂರು ಚೆಂಡುಗಳನ್ನು ಹಿಂದಿನ ಸಂಜೆಯೇ ಗಾಳಿ ತುಂಬಿಸಿ ಇಟ್ಟು ಬೆಳಿಗ್ಗೆ ಒತ್ತಿ ನೋಡಿ. ರಾತ್ರಿಯಲ್ಲಿ ಮೆತ್ತಗಾದ ಚೆಂಡು ಆಟದ ನಡುವೆಯೂ ಮೆತ್ತಗಾಗುತ್ತದೆ. ಪಂಪ್ ಜೊತೆಗೆ ಎರಡು ಪಿನ್ ಇರಲಿ, ಮತ್ತು ಕಡಲ ಗಾಳಿಗೆ ಪಿನ್ ಬೇಗ ತುಕ್ಕು ಹಿಡಿಯುವುದರಿಂದ ಅದನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಡಿ.

ಆ ಫೈನಲ್‌ಗೆ ರೆಫರಿಯಾದವರು ಆಲ್ಟೋನಾದ ಫ್ರಾಂಟ್ಸ್ ಬೇರ್. ಅವರ ಊರಿನ ತಂಡ ಸೆಮಿಫೈನಲ್‌ನಲ್ಲಿ ಲೈಪ್‌ಜಿಗ್ ಎದುರು 6-3ರಿಂದ ಸೋತು ಹೊರಬಿದ್ದಿತ್ತು. ಇಂದಿನ ದಿನಗಳಲ್ಲಿ ಅಂತಹ ನೇಮಕವನ್ನು ನಾನು ಸೂಚಿಸುವುದಿಲ್ಲ. ಪಂದ್ಯಾವಳಿಯಲ್ಲಿ ತಂಡವೇ ಇಲ್ಲದ ಊರಿನವರನ್ನು, ಸಾಧ್ಯವಾದರೆ ಹೊರ ಜಿಲ್ಲೆಯಿಂದ, ಕರೆಸುವುದು ರೆಫರಿಯ ಮನಸ್ಸಿನ ನೆಮ್ಮದಿಗೂ ಒಳ್ಳೆಯದು. ಆಟ ಅರ್ಧ ಸಮಯಕ್ಕೆ 1-1ರಲ್ಲಿದ್ದು ಕೊನೆಗೆ ಲೈಪ್‌ಜಿಗ್ 7-2ರಿಂದ ಗೆದ್ದಿತಾದ್ದರಿಂದ ಫಲಿತಾಂಶದ ಬಗ್ಗೆ ಸಂದೇಹಕ್ಕೆ ಆಸ್ಪದವಾಗಲಿಲ್ಲ.

ಆದರೆ ಸಮಬಲವಾದರೆ ಏನು ಮಾಡಬೇಕೆಂಬುದು ಬರಹದಲ್ಲಿರಲೇಬೇಕು. ಹ್ಯಾಂಬರ್ಗ್ ಮತ್ತು ನ್ಯೂರೆಂಬರ್ಗ್ ನಡುವಿನ 1922ರ ಜರ್ಮನ್ ಫೈನಲ್ ಬರ್ಲಿನ್‌ನಲ್ಲಿ 189 ನಿಮಿಷ ನಡೆದು, 2-2ರಲ್ಲಿರುವಾಗ ಕತ್ತಲಾಯಿತೆಂದು ನಿಂತಿತು. ಲೈಪ್‌ಜಿಗ್‌ನಲ್ಲಿ ಮತ್ತೆ ಆಡಿಸಿದಾಗ 1-1ರಲ್ಲಿರುವಾಗ ನ್ಯೂರೆಂಬರ್ಗ್ ತಂಡದಲ್ಲಿ ಏಳೇ ಜನ ಉಳಿದದ್ದರಿಂದ ಅದೂ ನಿಂತಿತು. ಸಂಘವು ಕೊಟ್ಟ ಪ್ರಶಸ್ತಿಯನ್ನು ಹ್ಯಾಂಬರ್ಗ್‌ನವರು ಬೇಡವೆಂದರು. ಪಂದ್ಯದ ತೀರ್ಮಾನಕ್ಕೆ ಪೆನಾಲ್ಟಿ ಒದೆತಗಳು ನಿಯಮವಾಗಿ ಬಂದದ್ದು 1970ರಲ್ಲಿ. ತೊಂಬತ್ತು ನಿಮಿಷ ಆಟ, ಹದಿನೈದು ವಿರಾಮ, ಮೂವತ್ತು ಹೆಚ್ಚುವರಿ, ಪೆನಾಲ್ಟಿಗೆ ಮತ್ತು ನಡುನಡುವಿನ ತಡಕ್ಕೆ ಇನ್ನೊಂದು ಅರ್ಧ ಗಂಟೆ, ಒಟ್ಟು ಸುಮಾರು ಎರಡೂ ಮುಕ್ಕಾಲು ತಾಸು ಬೇಕು. ಮೇ ತಿಂಗಳಲ್ಲಿ ಕಾರವಾರದ ಸೂರ್ಯ ಏಳರ ಸುಮಾರಿಗೆ ಕಡಲಿಗಿಳಿಯುವುದರಿಂದ ನಾಲ್ಕಕ್ಕೆ ಮುಂಚೆಯೇ ಆಟ ಆರಂಭಿಸಬೇಕು. ಡಿಸೆಂಬರ್‌ನಲ್ಲಾದರೆ ಮೂರು ಗಂಟೆಗೇ. ಸೆಖೆ ಹೆಚ್ಚಿದ್ದ ದಿನ ಎರಡೂ ಅರ್ಧಗಳಲ್ಲಿ ನೀರಿಗಾಗಿ ಆಟ ನಿಲ್ಲಿಸುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೊನೆಯದಾಗಿ ಟ್ರೋಫಿ. ಲೈಪ್‌ಜಿಗ್ ಪಡೆದದ್ದು ವಿಜಯದೇವತೆ ವಿಕ್ಟೋರಿಯಾಳ ಪ್ರತಿಮೆ. ಎರಡನೆಯ ಮಹಾಯುದ್ಧದ ಕೊನೆಯ ಗೊಂದಲದಲ್ಲಿ ಅದು ಕಾಣೆಯಾಗಿ, 1949ರಿಂದ ಬೆಳ್ಳಿಯ ತಟ್ಟೆಯೊಂದು ಅದರ ಜಾಗಕ್ಕೆ ಬಂತು. ಆ ತಟ್ಟೆಯ ಮೇಲೆ 1903ರಿಂದ ಗೆದ್ದವರ ಹೆಸರುಗಳನ್ನೆಲ್ಲ ಕೆತ್ತಿದ್ದಾರೆ, ಮತ್ತು ತಂತಿಗೆ ಮೋಸಹೋದ ಕಾರ್ಲ್ಸ್‌ರೂಹೆಯವರ ಹೆಸರೂ ಅಲ್ಲಿದೆ. ಅವರು 1910ರಲ್ಲಿ ಹೋಲ್ಸ್ಟೈನ್ ಕೀಲ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 1-0ರಿಂದ ಸೋಲಿಸಿ ಚಾಂಪಿಯನ್ ಆದರು. ನಿಮ್ಮ ಟ್ರೋಫಿಯ ಮರದ ಪೀಠವನ್ನು ಮಾಡಿಸುವಾಗ ಬಡಗಿಗೆ ಅದನ್ನು ಸ್ವಲ್ಪ ಎತ್ತರವಾಗಿಯೇ ಮಾಡಲು ಹೇಳಿ, ಹೆಸರು ಕೆತ್ತುವ ತಗಡುಗಳಿಗೆ ಕನಿಷ್ಠ ಇಪ್ಪತ್ತು ವರ್ಷಗಳ ಜಾಗ ಬಿಡಿಸಿ.