ಬ್ರೇಕ್ ಪ್ಯಾಡ್ ಸವೆದಿದೆಯೇ? ಮನೆಯಂಗಳದಲ್ಲೇ ಬದಲಿಸಿ

ಭಾನುವಾರ ನಂದಿ ಬೆಟ್ಟದ ಬುಡದಲ್ಲಿ ನಿಂತರೆ ಇಳಿದು ಬರುವ ಕಾರುಗಳಿಂದ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಎರಡನೇ ಗೇರಿನಲ್ಲಿ ಇಳಿಯಬೇಕಾದ ತಿರುವುಗಳನ್ನು ನಾಲ್ಕನೇ ಗೇರಿನಲ್ಲಿ, ಬ್ರೇಕ್ ತುಳಿದುಕೊಂಡೇ ಇಳಿಯುವುದರ ಫಲ ಅದು. ಚಿಕ್ಕಬಳ್ಳಾಪುರದ ಕ್ರಷರ್ ರಸ್ತೆಗಳಲ್ಲಿ ಓಡಾಡುವ ಕಾರಿನ ಪ್ಯಾಡಿಗೆ ಜಲ್ಲಿಪುಡಿಯ ಕಾಟ ಬೇರೆ. ಪ್ಯಾಡ್ ಬದಲಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಆದರೆ ಹೊಸ ಪ್ಯಾಡ್ ಹಾಕಿದ ಮೇಲೂ ಕಾರು ಕಿರುಗುಟ್ಟುತ್ತಿದ್ದರೆ, ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ತಪ್ಪು ಸಾಮಾನ್ಯವಾಗಿ ಪ್ಯಾಡಿನದಲ್ಲ. ಅದರ ಸುತ್ತ ಸ್ವಚ್ಛ ಮಾಡದೆ ಬಿಟ್ಟ ಜಾಗಗಳದು.

ಇಲ್ಲಿ ಹೇಳುವುದು ಮುಂದಿನ ಚಕ್ರಗಳ ಡಿಸ್ಕ್ ಬ್ರೇಕ್ ಬಗ್ಗೆ ಮಾತ್ರ. ಬಹುತೇಕ ಚಿಕ್ಕ ಕಾರುಗಳಿಗೆ ಹಿಂದೆ ಡ್ರಮ್ ಇರುತ್ತದೆ, ಅದರ ಕ್ರಮವೇ ಬೇರೆ. ಹಿಂದೆಯೂ ಡಿಸ್ಕ್ ಇದ್ದು, ಹ್ಯಾಂಡ್ ಬ್ರೇಕ್ ಬಟನ್ನಿನದಾಗಿದ್ದರೆ ಅದನ್ನು ಮನೆಯಲ್ಲಿ ಮುಟ್ಟಲೇಬೇಡಿ.

ಯಾವಾಗ, ಏನು ತರಬೇಕು

ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿಲಿಮೀಟರ್ ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸಿ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಟಾರ್ಚ್ ಬಿಟ್ಟರೆ ಪ್ಯಾಡ್ ಕಾಣುತ್ತದೆ. ಹೊರಗಿನದನ್ನಷ್ಟೇ ನೋಡಿ ಸಮಾಧಾನಪಡಬೇಡಿ, ಒಳಗಿನದು ಹೆಚ್ಚು ಸವೆದಿರಬಹುದು. ಅಂಗಡಿಗೆ ಹೋಗುವಾಗ ಆರ್‌ಸಿ ಒಯ್ದು ಚಾಸಿಸ್ ನಂಬರ್ ಕೊಡಿ. ಒಂದೇ ಹೆಸರಿನ ಕಾರಿಗೂ ಮಾಡೆಲ್ ವರ್ಷದ ಮೇಲೆ ಪ್ಯಾಡ್ ಬದಲಾಗುತ್ತದೆ. ಎಡಬಲ ಎರಡಕ್ಕೂ ಒಟ್ಟಿಗೇ ಹಾಕಬೇಕು. ಜೊತೆಗೆ ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ತಂತಿ ಬ್ರಷ್, ಬಡಗಿಗಳು ಬಳಸುವ ಸಿ-ಕ್ಲ್ಯಾಂಪ್, ಸ್ಪ್ಯಾನರ್ ಸೆಟ್ (ಪ್ಯಾಡ್‌ಗಳನ್ನು ಡಿಸ್ಕಿನ ಎರಡೂ ಬದಿಗೆ ಒತ್ತುವ ಕ್ಯಾಲಿಪರಿನ ಬೋಲ್ಟಿಗೆ ಹೆಚ್ಚಾಗಿ 12 ಅಥವಾ 14ನೇ ನಂಬರ್), ಮಾಸ್ಕ್.

ಎತ್ತುವುದು, ಬಿಚ್ಚುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಕೆಂಪು ಮಣ್ಣಿನ ಅಂಗಳದಲ್ಲಿ ಜಾಕಿ ಕುಸಿಯುತ್ತದೆ, ಕೆಳಗೆ ದಪ್ಪ ಹಲಗೆ ಇಡಿ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಬರೀ ಜಾಕಿಯನ್ನು ನಂಬಬೇಡಿ, ಸ್ಟ್ಯಾಂಡ್ ಕೊಡಿ. ಸಿಮೆಂಟ್ ಇಟ್ಟಿಗೆ ಸ್ಟ್ಯಾಂಡ್ ಅಲ್ಲ, ಭಾರಕ್ಕೆ ಹಠಾತ್ತನೆ ಒಡೆಯುತ್ತದೆ. ಒಮ್ಮೆಗೆ ಒಂದೇ ಪಕ್ಕ ಬಿಚ್ಚಿ. ಯಾವ ಕ್ಲಿಪ್ ಎಲ್ಲಿತ್ತು ಎಂಬ ಅನುಮಾನ ಬಂದರೆ ಇನ್ನೊಂದು ಪಕ್ಕ ನೋಡಿಕೊಳ್ಳಬಹುದು.

ಕ್ಯಾಲಿಪರ್ ಹಿಂಭಾಗದ ಎರಡು ಬೋಲ್ಟುಗಳಲ್ಲಿ ಎಷ್ಟೋ ಕಾರುಗಳಿಗೆ ಕೆಳಗಿನದೊಂದನ್ನು ತೆಗೆದರೆ ಸಾಕು, ಕ್ಯಾಲಿಪರ್ ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ಬಿಚ್ಚಿದರೆ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿ. ಬ್ರೇಕ್ ಪೈಪಿನ ಮೇಲೆ ಅದರ ಭಾರ ಬೀಳಕೂಡದು.

ಹೊರಬಂದ ಹಳೆ ಪ್ಯಾಡ್‌ಗಳನ್ನು ಪಕ್ಕಕ್ಕೆ ಎಸೆಯುವ ಮೊದಲು ಜೋಡಿಯಾಗಿ ಹಿಡಿದು ನೋಡಿ. ಎರಡೂ ಸಮನಾಗಿ ಸವೆದಿದ್ದರೆ ಒಳ್ಳೆಯದು. ಒಳಗಿನದು ತೀರ ತೆಳುವಾಗಿ ಹೊರಗಿನದು ದಪ್ಪ ಉಳಿದಿದ್ದರೆ ಕ್ಯಾಲಿಪರ್ ಹಿಂದೆಮುಂದೆ ಜಾರಲು ಇರುವ ಗೈಡ್ ಪಿನ್ ಬಿಗಿದಿದೆ, ಇಲ್ಲವೇ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು ಎಂದಾದರೆ ಒಂದು ಪಿನ್ ಮಾತ್ರ ಜಾಮ್ ಆಗಿರುತ್ತದೆ. ಇದನ್ನು ಸರಿಪಡಿಸದೆ ಹೊಸ ಪ್ಯಾಡ್ ಹಾಕುವುದು ದುಡ್ಡು ದಂಡ.

ಅಸಲಿ ಕೆಲಸ

ಗೈಡ್ ಪಿನ್‌ಗಳನ್ನು ರಬ್ಬರ್ ಬೂಟಿನಿಂದ ಎಳೆದು, ಹಳೆ ಗ್ರೀಸ್ ಒರೆಸಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಕೂರಿಸಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡ. ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಕೈಬೆರಳಿನಿಂದ ತಳ್ಳಿದರೆ ಪಿನ್ ಸಲೀಸಾಗಿ ಜಾರಬೇಕು. ಪ್ಯಾಡಿನ ಕಿವಿ ಕೂರುವ ಉಕ್ಕಿನ ಕ್ಲಿಪ್‌ಗಳನ್ನು ಕಿತ್ತು, ಅವುಗಳಡಿಯ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ. ಸುತ್ತಿಗೆಯಿಂದ ಬಡಿದು ಕೂರಿಸಬೇಕಾದ ಪ್ಯಾಡ್ ಬ್ರೇಕ್ ಬಿಟ್ಟ ಮೇಲೂ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಕಪ್ಪು ಧೂಳನ್ನು ಏರ್ ಹೊಡೆದು ಹಾರಿಸಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಸ್ಪ್ರೇ ಹಾಕಿ ಒದ್ದೆ ಮಾಡಿ ಒರೆಸಿ. ಡಿಸ್ಕನ್ನು ಸೀಮೆಎಣ್ಣೆ, ಡೀಸೆಲ್‌ನಲ್ಲಿ ತೊಳೆಯುವ ರೂಢಿಯೂ ಬೇಡ, ಜಿಡ್ಡು ಉಳಿಯುತ್ತದೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ. ವರ್ನಿಯರ್‌ನಲ್ಲಿ ಅಳೆದಾಗ ಅದಕ್ಕಿಂತ ಕಡಿಮೆ ಬಂದರೆ ಡಿಸ್ಕೂ ಬದಲಾಗಬೇಕು.

ಈಗ ಪಿಸ್ಟನ್. ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ. ಹಳೆ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡ ಕೊಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನಕ್ಕೆ ಒತ್ತಿ. ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ತುಳುಕುವಂತಿದ್ದರೆ ಸೂಜಿಯಿಲ್ಲದ ಸಿರಿಂಜಿನಲ್ಲಿ ತೆಗೆಯಿರಿ. ಕಾರಿನ ಮೈಮೇಲೆ ಬಿದ್ದರೆ ಪೇಂಟ್ ಸುಲಿಯುತ್ತದೆ, ತಕ್ಷಣ ನೀರು ಹೊಯ್ಯಿರಿ. ಸ್ಕ್ರೂಡ್ರೈವರ್ ಮೀಟಿದರೆ ಪಿಸ್ಟನ್ನಿನ ರಬ್ಬರ್ ಹರಿಯುತ್ತದೆ. ಕ್ಲ್ಯಾಂಪಿಗೂ ಜಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.

ಇನ್ನು ಹೊಸ ಪ್ಯಾಡ್ ಕೂರಿಸಿ. ಸವೆದಾಗ ಕಿರುಗುಟ್ಟಿ ಎಚ್ಚರಿಸುವ ತಗಡಿರುವ ಪ್ಯಾಡ್ ಹಳೆಯದರಲ್ಲಿ ಎಲ್ಲಿತ್ತೋ ಅಲ್ಲಿಗೇ ಬರಲಿ. ಉಜ್ಜುವ ಮುಖಕ್ಕೆ ಗ್ರೀಸ್ ಕೈ ತಾಗಿಸಬೇಡಿ. ಬೋಲ್ಟುಗಳನ್ನು ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿ ಮಾಡಿ.

ಕಾರು ತೆಗೆಯುವ ಮುನ್ನ

ಎರಡೂ ಪಕ್ಕ ಮುಗಿದ ಮೇಲೆ, ಎಂಜಿನ್ ಆನ್ ಮಾಡುವ ಮೊದಲು ಪೆಡಲ್ ತುಳಿಯಿರಿ. ಮೊದಲ ತುಳಿತಕ್ಕೆ ಅದು ತಳ ಮುಟ್ಟುತ್ತದೆ, ಯಾಕೆಂದರೆ ಪಿಸ್ಟನ್ ಇನ್ನೂ ಹಿಂದಿದೆ. ಗಟ್ಟಿಯಾಗುವ ತನಕ ತುಳಿಯುತ್ತಲೇ ಇರಿ. ಇದನ್ನು ಮರೆತವರು ಗೇಟಿಗೋ ಗೋಡೆಗೋ ಗುದ್ದುತ್ತಾರೆ. ಎಷ್ಟು ತುಳಿದರೂ ಮೆತ್ತಗೇ ಇದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಕಾರು ಹೊರತೆಗೆಯಬೇಡಿ. ಆಯಿಲ್ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ ಮುಚ್ಚಳ ಬಿಗಿ ಮಾಡಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಹದವಾಗಿ ಇಳಿಸಿ, ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ಹೀಗೆ ಎಂಟು–ಹತ್ತು ಸಲ. ಕಾದ ಬ್ರೇಕನ್ನು ಒತ್ತಿ ಹಿಡಿದು ನಿಲ್ಲಬೇಡಿ. ಮೊದಲ 200 ಕಿಲೋಮೀಟರ್ ಬೆಟ್ಟದ ದಾರಿ ಬೇಡ. 50 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಮತ್ತೊಮ್ಮೆ ಬಿಗಿದು ನೋಡಿ.