ಸಿಎಂಇ ಗಂಟೆಗಳನ್ನು ಕೂಡಿಸಿಕೊಳ್ಳುವ ಬಗೆ

ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿಯು ಪ್ರತಿ 5 ವರ್ಷಕ್ಕೆ ಕನಿಷ್ಠ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣವನ್ನು (ಸಿಎಂಇ) ನಿರೀಕ್ಷಿಸುತ್ತದೆ. ಶ್ರೀನಿವಾಸಪುರದಲ್ಲಿಯೋ ಮುಳಬಾಗಿಲಿನಲ್ಲಿಯೋ ಒಬ್ಬರೇ ಕ್ಲಿನಿಕ್ ನಡೆಸುವವರು ಇದನ್ನು ಕೊನೆಯ ವರ್ಷಕ್ಕೆ ಬಿಡದೆ, ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜಿನಂತಹ ಹತ್ತಿರದ ಕಡೆ ಕಾರ್ಯಕ್ರಮವಿರುವ ದಿನವನ್ನು ಮೊದಲೇ ತಿಳಿದು, ಬಾಗಿಲಿಗೆ ರಜೆಯ ಚೀಟಿ ಅಂಟಿಸಿಯಾದರೂ ವರ್ಷಕ್ಕೆ 6 ಗಂಟೆ ಹೊಂದಿಸಿಕೊಳ್ಳುವುದು ಒಳ್ಳೆಯದು. ಹೊರಡುವ ಮುನ್ನ ಕರ್ನಾಟಕ ವೈದ್ಯಕೀಯ ಪರಿಷತ್ತು ಅದಕ್ಕೆ ಎಷ್ಟು ಕ್ರೆಡಿಟ್ (ಲೆಕ್ಕಕ್ಕೆ ಸೇರುವ ಗಂಟೆ) ನೀಡಿದೆಯೆಂದು ಆಹ್ವಾನಪತ್ರದಲ್ಲಿ ನೋಡಿಕೊಳ್ಳಿ. ಪ್ರಮಾಣಪತ್ರ ಕೈಗೆ ಬಂದೊಡನೆ ಹೆಸರು, ನೋಂದಣಿ ಸಂಖ್ಯೆ, ದಿನಾಂಕಗಳನ್ನು ಅಲ್ಲಿಯೇ ನಿಂತು ಓದಿ, ತಪ್ಪಿದ್ದರೆ ಆಗಲೇ ತಿದ್ದಿಸಿ, ಒಂದೇ ಫೈಲಿನಲ್ಲಿ ವರ್ಷವಾರು ಜೋಡಿಸಿಡಿ. ವಿಷಯ ಆರಿಸುವಾಗ ಮಾತ್ರ ಕ್ರೆಡಿಟ್ಟಿಗಿಂತ ನಿಮ್ಮ ರೋಗಿಗಳನ್ನು ನೆನೆಯಿರಿ: ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದುಕೊಂಡವರು ಈ ಜಿಲ್ಲೆಯಲ್ಲಿ ನಿಮ್ಮೆದುರೇ ಬಂದು ಕೂರುತ್ತಾರೆ.